ಅಡಿಕೆ ಚೊಗರು + ಅನ್ನಭೇದಿ: ಕಪ್ಪು ಪುಡಿ ಬಂದಿದೆ, ಇದು ಕಬ್ಬಿಣದ ನ್ಯಾನೊ ಕಣ ಹೌದೋ ಅಲ್ಲವೋ?

ಶಿರಸಿ_ಬೇಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಸಿ ಭಾಗದ ಪದವಿ ಕಾಲೇಜೊಂದರಲ್ಲಿ ನಡೆಯುತ್ತಿರುವ ಬಿಎಸ್ಸಿ ಪ್ರಾಜೆಕ್ಟ್ ಬಗ್ಗೆ ಕೇಳುತ್ತಿದ್ದೇನೆ. ಗಿಡದ ಕಷಾಯದಿಂದ ಕಬ್ಬಿಣದ ನ್ಯಾನೊ ಕಣ ಮಾಡಿ, ಅದರಿಂದ ಕೊಳೆ ನೀರು ಶುದ್ಧ ಮಾಡಿ ತೋರಿಸಬೇಕು ಎನ್ನುವುದು ವಿಷಯ. ಇಲ್ಲಿ ಸುಲಭಕ್ಕೆ ಸಿಗುವುದು ಅಡಿಕೆ ಚೊಗರು (ಅಡಿಕೆ ಬೇಯಿಸಿ ಉಳಿದ ಗಟ್ಟಿ ನೀರು), ಹಾಗಾಗಿ ಅದನ್ನೇ ಆರಿಸಿಕೊಂಡದ್ದು.

ಮಾಡಿದ್ದು ಇಷ್ಟು. ಗಟ್ಟಿ ಚೊಗರು 100 ಮಿಲಿ ತೆಗೆದು ನೀರು ಸೇರಿಸಿ 1 ಲೀಟರ್ ಮಾಡಿದೆವು. ಗೊಬ್ಬರದಂಗಡಿಯ ಅನ್ನಭೇದಿಯಿಂದ (ಫೆರಸ್ ಸಲ್ಫೇಟ್) 0.1 ಮೋಲಾರ್ ದ್ರಾವಣ ತಯಾರಿಸಿ, ಸಮಸಮ ಅಳತೆಯಲ್ಲಿ ಒಂದೇ ಸಲಕ್ಕೆ ಸುರಿದೆವು. ತಕ್ಷಣ ಕಡುಕಪ್ಪಾಯಿತು. ಸೋಸಲು ಹೋದರೆ ಫಿಲ್ಟರ್ ಪೇಪರ್ ಕಟ್ಟಿಕೊಂಡಿತು. ಕೊನೆಗೆ ಇಡೀ ದ್ರಾವಣವನ್ನೇ ಓವನ್‌ನಲ್ಲಿ 100 ಡಿಗ್ರಿಯಲ್ಲಿ ಒಣಗಿಸಿದಾಗ ಹೊಳೆಯುವ, ಒತ್ತಿದರೆ ಪುಡಿಯಾಗುವ ಕಪ್ಪು ಚೂರು ಸಿಕ್ಕಿತು. ಎರಡನೇ ಸಲ ಬೇರೆ ಮನೆಯ ಚೊಗರು ತಂದು ಇದನ್ನೇ ಮಾಡಿದರೆ ಕಪ್ಪಿನ ಬದಲು ಕಂದು ಗಸಿಯಂಥದ್ದು ತಳ ಸೇರಿತು.

ಲೀಟರಿಗೆ 10 ಮಿಲಿಗ್ರಾಂ ಮಿಥಿಲೀನ್ ಬ್ಲೂ ಇರುವ 100 ಮಿಲಿ ನೀರಿಗೆ ಈ ಪುಡಿ 0.2 ಗ್ರಾಂ ಹಾಕಿದರೆ ನೀರು ತಿಳಿಯಾಗಲಿಲ್ಲ, ಇನ್ನೂ ಕಪ್ಪಾಯಿತು. 664 ನ್ಯಾನೊಮೀಟರ್‌ನಲ್ಲಿ ಬೆಳಕು ಹೀರುವ ರೀಡಿಂಗ್ ಇಳಿಯುವ ಬದಲು ಏರಿದೆ. ಹೊರಗೆ ಎಕ್ಸ್‌ಆರ್‌ಡಿ (ಎಕ್ಸ್ ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಮಾಡಿಸಿದರೆ ಅಗಲವಾದ ಒಂದು ಗುಡ್ಡೆ ಬಿಟ್ಟರೆ ಏನೂ ಇಲ್ಲ. ಲೋಹದ ಕಬ್ಬಿಣಕ್ಕೆ 44.7 ಡಿಗ್ರಿಯಲ್ಲಿ ಶೃಂಗ ಬರಬೇಕಿತ್ತಲ್ಲ? ಅಯಸ್ಕಾಂತಕ್ಕೂ ಅಂಟುವುದಿಲ್ಲ.

ಎಲ್ಲಿ ತಪ್ಪಿದೆ? ಸರಿ ಹೋದರೆ ಮುಂದೆ ಕಾರವಾರದ ಬೈತಖೋಲ್ ಕಡೆಯ ದೋಣಿ ಎಂಜಿನ್ ರಿಪೇರಿ ಶೆಡ್‌ಗಳ ತೊಳೆದ ನೀರು, ಪ್ರಯೋಗಾಲಯದ ಕ್ರೋಮಿಯಂ ನೀರು, ಆಮೇಲೆ ಸಾಧ್ಯವಾದರೆ ಬಾವಿ ನೀರಿಗೂ ಬಳಸಿ ನೋಡುವ ಆಸೆ ಇದೆ.

---

ಮಸಿಕುಡಿಕೆ (ಉತ್ತರ)

ನಿಮ್ಮ ಕೈಯಲ್ಲಿರುವುದು ಮಸಿ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ ಇದು. ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಅಲಗು ಕಪ್ಪಾಗುವುದೂ ಇದರಿಂದಲೇ: ಅಡಿಕೆಯ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಬಣ್ಣ ಕಪ್ಪಾಯಿತು ಎಂದಾಕ್ಷಣ ಲೋಹರೂಪದ ಕಬ್ಬಿಣ ಹುಟ್ಟಿತು ಎಂದಲ್ಲ. ಎಕ್ಸ್‌ಆರ್‌ಡಿಯೂ ಅಯಸ್ಕಾಂತವೂ ನಿಮಗೆ ಸತ್ಯವನ್ನೇ ಹೇಳಿವೆ.

ಕಾರಣ ವಿಭವದ (ಅಯಾನು ಎಷ್ಟು ಸುಲಭಕ್ಕೆ ಎಲೆಕ್ಟ್ರಾನ್ ಪಡೆಯುತ್ತದೆ ಎಂಬ ಅಳತೆ) ಲೆಕ್ಕದಲ್ಲಿದೆ. ಕಬ್ಬಿಣದ ಫೆರಿಕ್ ಅಯಾನು (ಮೂರು ಧನ ಆವೇಶದ್ದು) ಫೆರಸ್ (ಎರಡರದ್ದು) ಆಗುವ ಪ್ರಮಾಣ ವಿಭವ +0.77 ವೋಲ್ಟ್. ಪಾಲಿಫಿನಾಲ್‌ಗಳು (ಟ್ಯಾನಿನ್ ಆ ಗುಂಪಿನದು) ಇಷ್ಟನ್ನು ಸಲೀಸಾಗಿ ಮಾಡುತ್ತವೆ. ಫೆರಸ್ ಅಯಾನು ಲೋಹವಾಗಬೇಕಾದರೆ ಮಾತ್ರ −0.44 ವೋಲ್ಟ್‌ಗೆ ಇಳಿಯಬೇಕು. ಕ್ಯಾಟೆಚಿನ್, ಗ್ಯಾಲಿಕ್ ಆಮ್ಲದಂಥವುಗಳಿಗೆ ಅಷ್ಟು ಕಸುವಿಲ್ಲ. ಬೆಳ್ಳಿಗೆ +0.80 ಇರುವುದರಿಂದ ತುಳಸಿ ಕಷಾಯದಲ್ಲೂ ಬೆಳ್ಳಿಯ ಕಣ ಬರುತ್ತದೆ. ಅದೇ ಧೈರ್ಯದಲ್ಲಿ ಕಬ್ಬಿಣಕ್ಕೆ ಕೈ ಹಾಕಿದರೆ ಆಗುವುದಿಲ್ಲ.

ಗೊಂದಲ ಎಲ್ಲಿಂದ ಬಂತು ಎಂಬುದೂ ಗೊತ್ತಿರಲಿ. 1997ರಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ವೇಯ್-ಶಿಯಾನ್ ಜಾಂಗ್ ಮತ್ತವರ ಸಹೋದ್ಯೋಗಿ ಕ್ಲೋರಿನ್ ಇರುವ ದ್ರಾವಕಗಳನ್ನು ಒಡೆಯಲು ಬಳಸಿದ ನ್ಯಾನೊ ಕಬ್ಬಿಣ ತಯಾರಾದದ್ದು ಸೋಡಿಯಂ ಬೋರೋಹೈಡ್ರೈಡ್‌ನಿಂದ. ಅದು ನಿಜಕ್ಕೂ ಲೋಹ. 2009ರಲ್ಲಿ ಚಹಾ ಕಷಾಯದಿಂದ ಕಬ್ಬಿಣದ ಕಣ ಮಾಡಿದ ಕೆಲಸ ಪ್ರಕಟವಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು: ಶೂನ್ಯ ವೇಲೆನ್ಸಿಯ ಕಬ್ಬಿಣ. ಆ ಕೆಲಸದಲ್ಲಿ ಬ್ರೋಮೋಥೈಮಾಲ್ ಬ್ಲೂ ಬಣ್ಣ ಹೋದದ್ದು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿಸಿದಾಗ. ಎಂದರೆ ಕಬ್ಬಿಣ ಅಲ್ಲಿ ವೇಗವರ್ಧಕ. ಹೆನ್ರಿ ಫೆಂಟನ್ 1894ರಲ್ಲಿ ವರದಿ ಮಾಡಿದ ಕ್ರಿಯೆಯೇ ಅದು: ಕಬ್ಬಿಣ ಪೆರಾಕ್ಸೈಡನ್ನು ಒಡೆದು, ಬಣ್ಣವನ್ನು ಸೀಳುವ ಚುರುಕು ತುಣುಕುಗಳನ್ನು (ರ‍್ಯಾಡಿಕಲ್) ಹುಟ್ಟಿಸುತ್ತದೆ. ನೀವು ಪೆರಾಕ್ಸೈಡ್ ಹಾಕಿಯೇ ಇಲ್ಲ, ಬಣ್ಣ ಹೋಗುವುದಾದರೂ ಹೇಗೆ?

ಖಾತ್ರಿ ಬೇಕೆಂದರೆ ಎರಡು ನಿಮಿಷದ ಪರೀಕ್ಷೆ ಇದೆ. ಚಿಟಿಕೆ ಪುಡಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಲೋಹವಿದ್ದರೆ ಹೈಡ್ರೋಜನ್ ಗುಳ್ಳೆ ಬುಸಬುಸ ಏಳಬೇಕು. ಸುಮ್ಮನೆ ಕರಗಿ ಬಣ್ಣ ತೆಳುವಾದರೆ ಅದು ಕಬ್ಬಿಣ, ಟ್ಯಾನಿನ್ ಕಟ್ಟಿಕೊಂಡ ಸಂಕೀರ್ಣ. ವರದಿಯಲ್ಲಿ "ಕಬ್ಬಿಣ–ಪಾಲಿಫಿನಾಲ್ ಸಂಕೀರ್ಣದ ಕಣ" ಎಂದೇ ಬರೆಯಿರಿ. "ನ್ಯಾನೊ" ಎನ್ನುವುದಕ್ಕೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಬೇಕು. ಡಿಎಲ್‌ಎಸ್ (ಲೇಸರ್ ಬೆಳಕು ಚದುರುವುದನ್ನು ನೋಡಿ ಕಣದ ಗಾತ್ರ ಅಳೆಯುವ ವಿಧಾನ) ಒಂದನ್ನೇ ನಂಬಬೇಡಿ. ಈ ಕಪ್ಪು ದ್ರಾವಣ ಲೇಸರ್ ಬೆಳಕನ್ನೇ ನುಂಗಿ ಸುಳ್ಳು ಗಾತ್ರ ಕೊಡುತ್ತದೆ. ತೆಳು ಚಹಾದ ಬಣ್ಣ ಬರುವಷ್ಟು ದುರ್ಬಲ ಮಾಡಿ ಅಳೆದರೆ ಸ್ವಲ್ಪ ನಂಬಬಹುದು.

---

ಸೊಪ್ಪಿನಬೆಟ್ಟ (ಉತ್ತರ)

ಮೇಲಿನವರು ಹೇಳಿದ್ದು ಸರಿ. ಆದರೆ ಅದು ಮಸಿ ಎಂದು ಗೊತ್ತಾದ ಮಾತ್ರಕ್ಕೆ ಪ್ರಾಜೆಕ್ಟ್ ಕೈಬಿಡಬೇಕಿಲ್ಲ. ಸರಿಯಾಗಿ ಮಾಡಿ ತೊಳೆದ ಮಸಿಯ ಕಣ ಒಳ್ಳೆಯ ಫೆಂಟನ್ ವೇಗವರ್ಧಕ. ನಿಮ್ಮ ತಯಾರಿಯಲ್ಲಿ ಕಾಣುವ ತೊಂದರೆಗಳನ್ನು ಹೇಳುತ್ತೇನೆ.

ಮೊದಲನೆಯದು ಚೊಗರು. ಒಂದೇ ನೀರಿನಲ್ಲಿ ಎಷ್ಟು ಸಲ ಅಡಿಕೆ ಬೇಯಿಸಿದ್ದಾರೆ ಎಂಬುದರ ಮೇಲೆ ಅದರ ಸಾಂದ್ರತೆ ಮನೆಯಿಂದ ಮನೆಗೆ ಬೇರೆ. ಕೆಲವರು ಸುಣ್ಣ, ಮರದ ತೊಗಟೆ ಸೇರಿಸಿರುತ್ತಾರೆ. ನಿಮ್ಮ ಎರಡನೇ ಸಲದ ಕಂದು ಗಸಿ ನೋಡಿದರೆ ಆ ಚೊಗರಿನಲ್ಲಿ ಸುಣ್ಣ ಇತ್ತು ಎನಿಸುತ್ತದೆ. ಪಿಎಚ್ ಏರಿದ್ದರಿಂದ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ಇಳಿದಿದೆ. ಪಿಎಚ್ ಪೇಪರ್ ಅದ್ದಿ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ತಾಮ್ರದ ಹಂಡೆಯಲ್ಲಿ ಕುದಿಸಿದ್ದಾದರೆ ತಾಮ್ರವೂ ಇಳಿದಿರಬಹುದು, ಅದೂ ಪೆರಾಕ್ಸೈಡ್ ಜೊತೆ ಕೆಲಸ ಮಾಡಿ ನಿಮ್ಮ ಫಲಿತಾಂಶ ಕೆಡಿಸುತ್ತದೆ. ಇನ್ನೊಂದು ಮುಖ್ಯ ವಿಚಾರ ಅರೆಕೋಲಿನ್. ಅಡಿಕೆಯ ಈ ಆಲ್ಕಲಾಯ್ಡ್ ಚೊಗರಿನಲ್ಲೂ ಇರುತ್ತದೆ. ನೀರು ಶುದ್ಧ ಮಾಡುವ ವಸ್ತುವಿನಿಂದ ಅದೇ ನೀರಿಗೆ ಅದು ಸೋರಬಾರದು.

ಆದ್ದರಿಂದ ಮೊದಲ ಸುತ್ತಿಗೆ ಗ್ರಂಥಿಗೆ ಅಂಗಡಿಯ ಒಣ ಅಳಲೆಕಾಯಿ ತನ್ನಿ. ಬೀಜ ತೆಗೆದು ಸಿಪ್ಪೆ ಮಾತ್ರ ಪುಡಿ ಮಾಡಿ. ಕಾಂಡ್ಲಾ (ಮ್ಯಾಂಗ್ರೋವ್) ತೊಗಟೆಯಲ್ಲಿ ಟ್ಯಾನಿನ್ ಹೇರಳ ಎಂದು ಯಾರಾದರೂ ಸಲಹೆ ಕೊಟ್ಟಾರು. ಕಾಳಿ, ಅಘನಾಶಿನಿ ಅಳಿವೆಗಳ ಕಾಂಡ್ಲಾ ಮರಕ್ಕೆ ದಯವಿಟ್ಟು ಕತ್ತಿ ಹಚ್ಚಬೇಡಿ. ಮಾಲಿನ್ಯ ಕಳೆಯಲು ಹೊರಟವರು ಮೀನಿನ ಮರಿ ಬೆಳೆಯುವ ಜಾಗ ಹಾಳು ಮಾಡಿದಂತಾಗುತ್ತದೆ.

ಕಷಾಯಕ್ಕೆ 20 ಗ್ರಾಂ ಪುಡಿ, 1 ಲೀಟರ್ ಡಿಸ್ಟಿಲ್ಡ್ ನೀರು, 80 ಡಿಗ್ರಿ, 45 ನಿಮಿಷ. ಕುದಿ ಬರಿಸಬೇಡಿ. ನಮ್ಮ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರಲ್ಲಿ ಮೊದಲೇ ಕಬ್ಬಿಣ ಇರಬಹುದು, ಅದನ್ನು ಬಳಸಿದರೆ ಕಷಾಯವೇ ಬೂದು ಬಣ್ಣಕ್ಕೆ ತಿರುಗುತ್ತದೆ. ತಣಿದ ಮೇಲೆ ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ಆಮೇಲೆ ವಾಟ್‌ಮನ್ 1 ಪೇಪರ್‌ನಲ್ಲಿ ಇಳಿಸಿ. ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ, ಇಲ್ಲವಾದರೆ ಬೂಸ್ಟು ಕಟ್ಟುತ್ತದೆ. 10 ಮಿಲಿ ಕಷಾಯವನ್ನು ತೂಗಿದ ಬಟ್ಟಲಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ ಘನಾಂಶ ಬರೆದಿಡಿ. ಪ್ರತಿ ಸಲ ಅದೇ ಘನಾಂಶಕ್ಕೆ ತಂದುಕೊಂಡರೆ ಫಲಿತಾಂಶ ಮರುಕಳಿಸುತ್ತದೆ.

ಗೊಬ್ಬರದಂಗಡಿಯ ಅನ್ನಭೇದಿ ಬೇಡ. ಹರಳು ತಿಳಿ ಹಸಿರಾಗಿರಬೇಕು. ಹೊರಮೈ ಕಂದು-ಹಳದಿಯಾಗಿದ್ದರೆ ಗಾಳಿ ತಾಗಿ ಫೆರಿಕ್ ಆಗಿದೆ ಎಂದರ್ಥ. ನಿಮ್ಮದು ಸುರಿದ ಕ್ಷಣವೇ ಕಡುಕಪ್ಪಾದದ್ದೂ ಹೆಚ್ಚಾಗಿ ಇದರಿಂದಲೇ. ತಾಜಾ ಫೆರಸ್ ಇದ್ದರೆ ಮೊದಲು ಬೂದು-ನೇರಳೆ ಬಂದು, ಗಾಳಿ ಸೋಕಿದ ಹಾಗೆ ನಿಧಾನ ಕಪ್ಪೇರುತ್ತದೆ. ಪ್ರಯೋಗಾಲಯ ದರ್ಜೆಯ ಹೆಪ್ಟಾಹೈಡ್ರೇಟ್ 27.8 ಗ್ರಾಂ ತೂಗಿ, ನಾಲ್ಕು ಹನಿ ದುರ್ಬಲ ಗಂಧಕಾಮ್ಲ ಹಾಕಿದ ನೀರಲ್ಲಿ ಕರಗಿಸಿ 1 ಲೀಟರ್ ಮಾಡಿ. ಆ ದಿನದ್ದು ಆ ದಿನವೇ ಬಳಸಿ. ಫೆರಿಕ್ ಕ್ಲೋರೈಡ್ ಬಳಸುವುದಾದರೆ ಹೆಕ್ಸಾಹೈಡ್ರೇಟ್ 27 ಗ್ರಾಂ, ನಿರ್ಜಲದ್ದಾದರೆ 16.2 ಗ್ರಾಂ. ಡಬ್ಬಿಯ ಚೀಟಿ ಓದದೆ ಎರಡನ್ನೂ ಒಂದೇ ತೂಕದಲ್ಲಿ ಹಾಕುವುದು ತುಂಬಾ ಕಡೆ ಆಗುವ ತಪ್ಪು.

ಬೆರೆಸುವುದು ಹೀಗೆ: 200 ಮಿಲಿ ಕಷಾಯ ಮ್ಯಾಗ್ನೆಟಿಕ್ ಸ್ಟರರ್ ಮೇಲೆ ತಿರುಗುತ್ತಿರಲಿ. ಬ್ಯೂರೆಟ್‌ನಿಂದ 100 ಮಿಲಿ ಕಬ್ಬಿಣದ ದ್ರಾವಣವನ್ನು ನಿಮಿಷಕ್ಕೆ 2–3 ಮಿಲಿಯಂತೆ ಹನಿಸಿ. ಒಮ್ಮೆಲೇ ಸುರಿದರೆ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ. ಮುಗಿಯುವ ಹೊತ್ತಿಗೆ ಪಿಎಚ್ ಚೆನ್ನಾಗಿ ಇಳಿದಿರುತ್ತದೆ. 1 ಮೋಲಾರ್ ಕಾಸ್ಟಿಕ್ ಸೋಡಾ ಹನಿಹನಿಯಾಗಿ ಹಾಕಿ 5.5ಕ್ಕೆ ತನ್ನಿ, ಕಣ ಕೂಡಿಕೊಂಡು ಕೆಳಗಿಳಿಯತೊಡಗುತ್ತದೆ. 8 ದಾಟಲು ಬಿಡಬೇಡಿ. ಅಲ್ಲಿ ದ್ರಾವಣ ದ್ರಾಕ್ಷಾರಸದ ಬಣ್ಣಕ್ಕೆ ತಿರುಗಿ, ಇಳಿದದ್ದರಲ್ಲಿ ಒಂದಷ್ಟು ಮತ್ತೆ ಕರಗುತ್ತದೆ.

ಈಗ ನೀವು ಬಿಟ್ಟುಬಿಟ್ಟ ಹಂತ: ತೊಳೆಯುವುದು. ಇಡೀ ದ್ರಾವಣ ಒಣಗಿಸಿದ್ದರಿಂದ ಕಬ್ಬಿಣ ಹಿಡಿಯದೆ ಉಳಿದ ಚೊಗರೆಲ್ಲ ಪುಡಿಯಲ್ಲೇ ಕೂತಿದೆ. ಆ ಹೊಳಪು ಒಣಗಿದ ಟ್ಯಾನಿನ್‌ನದು. ಬಣ್ಣದ ನೀರಿಗೆ ಹಾಕಿದಾಗ ಅದು ಕರಗಿ ಮಸಿ ಬಿಟ್ಟಿತು, ಅದಕ್ಕೇ ರೀಡಿಂಗ್ ಏರಿದೆ. ಪೇಪರ್‌ನಲ್ಲಿ ಸೋಸುವ ಪ್ರಯತ್ನ ಬಿಡಿ. ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 8000 ಸುತ್ತಿನಲ್ಲಿ 15 ನಿಮಿಷ ಹಾಕಿ ಮೇಲಿನ ನೀರು ಚೆಲ್ಲಿ. ಡಿಸ್ಟಿಲ್ಡ್ ನೀರಲ್ಲಿ ಕಲಕಿ ಮತ್ತೆ ತಿರುಗಿಸಿ. ಮೇಲಿನ ನೀರಿಗೆ ಒಂದು ಹನಿ ಫೆರಿಕ್ ಕ್ಲೋರೈಡ್ ಬಿಟ್ಟಾಗ ಕಪ್ಪಾಗುವುದು ನಿಲ್ಲುವ ತನಕ ತೊಳೆಯಿರಿ. ಕಡೆಯ ಸಲ ಎಥನಾಲ್. 50–60 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದರೆ ಹೊಳಪಿಲ್ಲದ, ಇದ್ದಿಲಿನಂಥ ಪುಡಿ ಸಿಗುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಪುಡಿ ಒಂದು ಗಂಟೆ ತೆರೆದಿಟ್ಟರೂ ತೇವ ಎಳೆದುಕೊಂಡು ತೂಕ ತಪ್ಪುತ್ತದೆ, ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿಡಿ.

ಬಣ್ಣದ ಪ್ರಯೋಗ: ಲೀಟರಿಗೆ 50 ಮಿಲಿಗ್ರಾಂ ಮಿಥಿಲೀನ್ ಬ್ಲೂ ಇರುವ ನೀರು 100 ಮಿಲಿ, ಪಿಎಚ್ 3ರಿಂದ 3.5, ಪುಡಿ 50 ಮಿಲಿಗ್ರಾಂ. 30 ನಿಮಿಷ ಕಲಕುತ್ತ ಬಿಟ್ಟು ಒಂದು ರೀಡಿಂಗ್ ತೆಗೆಯಿರಿ. ಆಮೇಲೆ 30 ಶೇಕಡ ಪೆರಾಕ್ಸೈಡ್ 0.1 ಮಿಲಿ ಹಾಕಿ, ಇದು 10 ಮಿಲಿಮೋಲಾರ್ ಆಗುತ್ತದೆ. ಔಷಧ ಅಂಗಡಿಯ 3 ಶೇಕಡದ್ದಾದರೆ ಸುಮಾರು 1.1 ಮಿಲಿ. 5, 10, 20, 40, 60 ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತೆಗೆದು, ಎರಡು ಹನಿ ಮೆಥನಾಲ್ ಹಾಕಿ ಕ್ರಿಯೆ ನಿಲ್ಲಿಸಿ, 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ ಅಳೆಯಿರಿ. ಪೆರಾಕ್ಸೈಡ್ ಜಾಸ್ತಿ ಹಾಕಿದರೆ ಜಾಸ್ತಿ ಕೆಲಸವಾಗುವುದಿಲ್ಲ, ಮಿಕ್ಕಿದ್ದು ಹುಟ್ಟಿದ ರ‍್ಯಾಡಿಕಲ್ಲನ್ನೇ ತಿಂದುಹಾಕುತ್ತದೆ. ತೊಳೆಯದ ಟ್ಯಾನಿನ್ ಕೂಡ ಅದನ್ನೇ ಮಾಡುತ್ತದೆ, ಆಂಟಿಆಕ್ಸಿಡೆಂಟ್ ಎನ್ನುವುದು ಅದನ್ನೇ ತಾನೆ? 30 ಶೇಕಡದ್ದು ಚರ್ಮಕ್ಕೆ ತಾಗಿದರೆ ಬಿಳಿಚಿ ಉರಿಯುತ್ತದೆ, ಕೈಗವಸು ಕನ್ನಡಕ ಇಲ್ಲದೆ ವಿದ್ಯಾರ್ಥಿಗಳ ಕೈಗೆ ಕೊಡಬೇಡಿ.

ಹೋಲಿಕೆಗೆ ಪುಡಿ ಮಾತ್ರ, ಪೆರಾಕ್ಸೈಡ್ ಮಾತ್ರ, ಪುಡಿಯಲ್ಲಿರುವಷ್ಟೇ ಕಬ್ಬಿಣ ಕೊಡುವ ಬರಿ ಅನ್ನಭೇದಿ ಮತ್ತು ಪೆರಾಕ್ಸೈಡ್, ಈ ಮೂರೂ ಬೇಕು. ಮಿಥಿಲೀನ್ ಬ್ಲೂ ಧನ ಅಯಾನು. ಟ್ಯಾನಿನ್ ಮೈಗೆ ಸುಮ್ಮನೆ ಅಂಟಿಕೊಂಡೇ ನೀರು ತಿಳಿಯಾದೀತು, ಅದು ವಿಘಟನೆ ಅಲ್ಲ.

---

ಶಿರಸಿ_ಬೇಣ

ಇಬ್ಬರಿಗೂ ತುಂಬಾ ಧನ್ಯವಾದ. ಆಮ್ಲದ ಪರೀಕ್ಷೆ ಮಾಡಿದೆವು, ಒಂದು ಗುಳ್ಳೆಯೂ ಏಳಲಿಲ್ಲ. ಎರಡನೇ ಚೊಗರಿನ ಪಿಎಚ್ 9ರ ಹತ್ತಿರ ಇದೆ. ಕ್ರೋಮಿಯಂಗೆ ಪೆರಾಕ್ಸೈಡ್ ಬೇಕೇ? ಹಳೇ ಪುಡಿಯನ್ನೇ ಕ್ರೋಮಿಯಂ ನೀರಿಗೆ ಹಾಕಿ ನೋಡಿದಾಗ, ಆರು ವೇಲೆನ್ಸಿ ಕ್ರೋಮಿಯಂ ಇದ್ದರೆ ಗುಲಾಬಿಯಾಗುವ ಡೈಫಿನೈಲ್ ಕಾರ್ಬಜೈಡ್‌ನಲ್ಲಿ ಗುಲಾಬಿ ಬಣ್ಣವೇ ಬರಲಿಲ್ಲ. ಪೂರ್ತಿ ಹೋಯಿತು ಎಂದು ಬರೆಯಬಹುದೇ?

---

ಜಲಪರೀಕ್ಷೆ (ಉತ್ತರ)

ಬರೆಯಬೇಡಿ. ಆ ಪರೀಕ್ಷೆಯಲ್ಲಿ ಮಾದರಿಗೆ ಗಂಧಕಾಮ್ಲ ಹಾಕುತ್ತೀರಿ. ನೀರಲ್ಲಿ ಸೋರಿದ ಟ್ಯಾನಿನ್ ಇದ್ದರೆ, ಆಮ್ಲ ಬಿದ್ದ ಕೂಡಲೇ ಅದು ಉಳಿದ ಆರು ವೇಲೆನ್ಸಿ ಕ್ರೋಮಿಯಂ ಅನ್ನು ಪರೀಕ್ಷಾ ನಳಿಕೆಯಲ್ಲೇ ಮೂರಕ್ಕೆ ಇಳಿಸುತ್ತದೆ. ನೀವು ಕಂಡದ್ದು ಬೀಕರ್‌ನಲ್ಲಿ ಆದದ್ದೋ ನಳಿಕೆಯಲ್ಲಿ ಆದದ್ದೋ ಹೇಳಲು ಬರುವುದಿಲ್ಲ. ಪತ್ತೆ ಹಚ್ಚಲು, ಸೋಸಿದ ಮಾದರಿಗೆ ಗೊತ್ತಿರುವಷ್ಟು ಕ್ರೋಮಿಯಂ ಬೇಕೆಂದೇ ಸೇರಿಸಿ ಮತ್ತೆ ಅಳೆಯಿರಿ. ಸೇರಿಸಿದ್ದು ಪೂರ್ತಿ ತೋರಿದರೆ ಮಾತ್ರ ಮೊದಲ ಸೊನ್ನೆಗೆ ಬೆಲೆ. ಲೀಟರಿಗೆ 1 ಮಿಲಿಗ್ರಾಂ ಮೀರಿದ ಕಬ್ಬಿಣವೂ 540 ನ್ಯಾನೊಮೀಟರ್‌ನಲ್ಲಿ ಹಳದಿ ಛಾಯೆಯಿಂದ ತೊಂದರೆ ಕೊಡುತ್ತದೆ.

ಪೆರಾಕ್ಸೈಡ್ ಖಂಡಿತ ಬೇಡ. ಇಲ್ಲಿ ಬೇಕಿರುವುದು ಅಪಕರ್ಷಣ (ಎಲೆಕ್ಟ್ರಾನ್ ಕೊಟ್ಟು ವೇಲೆನ್ಸಿ ಇಳಿಸುವುದು). 141.4 ಮಿಲಿಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟ್ 1 ಲೀಟರಿನಲ್ಲಿ ಕರಗಿಸಿದರೆ 50 ಮಿಲಿಗ್ರಾಂ ಕ್ರೋಮಿಯಂ ಸಿಗುತ್ತದೆ. ಅದರಿಂದ 200 ಮಿಲಿ ತೆಗೆದು 1 ಲೀಟರ್ ಮಾಡಿದರೆ ಲೀಟರಿಗೆ 10 ಮಿಲಿಗ್ರಾಂ. ಒಂದು ಕ್ರೋಮಿಯಂಗೆ ಮೂರು ಫೆರಸ್ ಬೇಕು, ತೂಕದಲ್ಲಿ 1ಕ್ಕೆ 3.2. ಎಂದರೆ ಆ ಲೀಟರಿಗೆ ಕನಿಷ್ಠ 32 ಮಿಲಿಗ್ರಾಂ ಫೆರಸ್ ಕಬ್ಬಿಣ, ಅನ್ನಭೇದಿಯ ಲೆಕ್ಕದಲ್ಲಿ 160 ಮಿಲಿಗ್ರಾಂ. ಬರಿ ಅನ್ನಭೇದಿಯ ಬೀಕರ್ ಪಕ್ಕದಲ್ಲಿಟ್ಟು, ನಿಮ್ಮ ಪುಡಿ ಅದಕ್ಕಿಂತ ಏನು ಹೆಚ್ಚು ಮಾಡಿತು ಎಂದು ತೋರಿಸಿ. ಇಡೀ ಪ್ರಾಜೆಕ್ಟ್‌ನ ತಿರುಳು ಈ ಹೋಲಿಕೆ. ಪುಡಿಯ ಕಬ್ಬಿಣ ಎಷ್ಟೆಂದು ಊಹಿಸಬೇಡಿ. 50 ಮಿಲಿಗ್ರಾಂ ಪುಡಿಯನ್ನು ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹೈಡ್ರಾಕ್ಸಿಲಮೀನ್ ಹಾಕಿ, ಫಿನಾಂತ್ರೊಲಿನ್‌ನಿಂದ 510 ನ್ಯಾನೊಮೀಟರ್‌ನಲ್ಲಿ ಅಳೆಯಿರಿ.

ಅಪಕರ್ಷಣ ಆದ ಮೇಲೆ ಪಿಎಚ್ 8ಕ್ಕೆ ಏರಿಸಿದರೆ ಕ್ರೋಮಿಯಂ, ಕಬ್ಬಿಣ ಎರಡೂ ಹೈಡ್ರಾಕ್ಸೈಡ್ ಆಗಿ ಇಳಿಯುತ್ತವೆ. ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯದಲ್ಲಿ ಆರು ವೇಲೆನ್ಸಿ ಕ್ರೋಮಿಯಂನ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂನದು 2. ತಳದ ಕೆಸರನ್ನೂ ತೊಳೆದ ನೀರನ್ನೂ ಸಿಂಕಿಗೆ ಚೆಲ್ಲಬೇಡಿ. ಚೀಟಿ ಅಂಟಿಸಿದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಶೇಖರಿಸಿ, ಅಪಾಯಕಾರಿ ತ್ಯಾಜ್ಯಕ್ಕೆ ಅನುಮತಿ ಇರುವವರಿಗೇ ಕೊಡಿ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ, ತೂಗುವಾಗ ಧೂಳು ಏಳದಂತೆ ನೋಡಿಕೊಳ್ಳಿ.

---

ಕಾಳಿ_ಕಿನಾರೆ (ಉತ್ತರ)

ಬೈತಖೋಲ್ ಶೆಡ್‌ಗಳ ನೀರಿನ ವಿಚಾರ ನಾನು ಹೇಳುತ್ತೇನೆ. ಆ ನೀರಿನ ಮೊದಲ ಸಮಸ್ಯೆ ಡೀಸೆಲ್, ಎಂಜಿನ್ ಆಯಿಲ್, ಎರಡನೆಯದು ಉಪ್ಪು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇದೆ. ದೋಣಿಯ ತಳದ ನೀರಿನಲ್ಲಿ ಅದಕ್ಕೆ ಹತ್ತಿರದಷ್ಟು ಇದ್ದರೂ ಆಶ್ಚರ್ಯವಿಲ್ಲ. ಫೆಂಟನ್ ಕ್ರಿಯೆಯಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು ಆಮ್ಲೀಯ ಪಿಎಚ್‌ನಲ್ಲಿ ಕ್ಲೋರೈಡ್ ಕಬಳಿಸುತ್ತದೆ. ಸಾಲದ್ದಕ್ಕೆ ಎಣ್ಣೆಯ ಅಂಶದೊಡನೆ ಸೇರಿ ಕ್ಲೋರಿನ್ ಇರುವ ಸಾವಯವ ವಸ್ತುಗಳಾಗುವ ಅಪಾಯವೂ ಇದೆ. ಡಿಸ್ಟಿಲ್ಡ್ ನೀರಲ್ಲಿ ಬಂದ ಫಲಿತಾಂಶ ಇಲ್ಲಿ ಬರುವುದಿಲ್ಲ. ಆ ಶೆಡ್‌ಗಳಿಗೆ ಬೇಕಿರುವುದು ತಡೆಗೋಡೆ ಇರುವ ಎಣ್ಣೆ ಬಲೆ ತೊಟ್ಟಿ ಮತ್ತು ತೇಲಿದ ಎಣ್ಣೆಯನ್ನು ಬೇರೆ ಡ್ರಮ್ಮಿಗೆ ತೆಗೆದಿಡುವ ಶಿಸ್ತು. ಸೋಪಿನ ಪುಡಿ ಹಾಕಿ ತೊಳೆದರೆ ಎಣ್ಣೆ ನೀರಲ್ಲಿ ಬೆರೆತು ಹಾಲಿನಂತಾಗಿ ತೊಟ್ಟಿಯಲ್ಲೂ ಬೇರೆಯಾಗುವುದಿಲ್ಲ. ಅಲ್ಲಿಯವರಿಗೆ ಮೊದಲು ಹೇಳಬೇಕಾದ್ದು ಅದು.

ವಿದ್ಯಾರ್ಥಿಗಳಿಗೆ ಉಪ್ಪಿನ ಪರಿಣಾಮ ತೋರಿಸಬೇಕೆಂದರೆ ಅದೇ ಮಿಥಿಲೀನ್ ಬ್ಲೂ ಪ್ರಯೋಗಕ್ಕೆ ಅಡುಗೆ ಉಪ್ಪು ಲೀಟರಿಗೆ 0, 1, 5, 30 ಗ್ರಾಂ ಹಾಕಿ ನೋಡಲಿ. ಕರಾವಳಿಯ ಜಿಲ್ಲೆಯಲ್ಲಿ ಮಾಡುವ ಪ್ರಾಜೆಕ್ಟಿಗೆ ಅದಕ್ಕಿಂತ ಉಪಯೋಗದ ಗ್ರಾಫ್ ಇಲ್ಲ.

ಬಾವಿಗೆ ಹಾಕುವ ಯೋಚನೆ ಬಿಟ್ಟುಬಿಡಿ. ಕುಡಿಯುವ ನೀರಿಗೆ ಟ್ಯಾನಿನ್, ಕಬ್ಬಿಣ ಸೇರಿದರೆ ಮೊದಲು ಬಣ್ಣ, ರುಚಿ ಕೆಡುತ್ತದೆ. ಟ್ಯಾನಿನ್ ಸೂಕ್ಷ್ಮಾಣುಗಳಿಗೆ ಆಹಾರ, ಅವು ನೀರಿನ ಆಮ್ಲಜನಕ ಎಳೆದು ಬಾವಿ ನಾರತೊಡಗುತ್ತದೆ. ಬಾವಿಗೆ ಬಿದ್ದ ಅಷ್ಟು ಸಣ್ಣ ಕಣವನ್ನು ಮತ್ತೆ ಹೊರಗೆ ತೆಗೆಯುವ ದಾರಿಯೂ ಇಲ್ಲ. ಪ್ರಯೋಗ ಬೀಕರ್‌ನಲ್ಲೇ ಇರಲಿ.

---

ಶಿರಸಿ_ಬೇಣ

ಅರ್ಥವಾಯಿತು, ಬಾವಿಯೂ ಬೈತಖೋಲ್ ಕೂಡ ಕೈಬಿಟ್ಟೆವು. ಇನ್ನು ಆರು ವಾರ ಇದೆ. ಅಳಲೆಕಾಯಿ ಪುಡಿ, ಬಣ್ಣ, ಉಪ್ಪು, ಇಷ್ಟು ಆಗುತ್ತದೆ. ಶಿರಸಿಗೇ ಸಂಬಂಧಪಟ್ಟ ನಿಜವಾದ ಕೊಳೆ ನೀರೊಂದನ್ನು ಸೇರಿಸಬೇಕೆಂದರೆ ಯಾವುದು?

---

ಸೊಪ್ಪಿನಬೆಟ್ಟ (ಉತ್ತರ)

ಅಡಿಕೆ ಬೇಯಿಸಿದ ಹಂಡೆ ತೊಳೆದ ನೀರು. ನೀವು ಕಚ್ಚಾವಸ್ತು ಎಂದುಕೊಂಡದ್ದೇ ಹಳ್ಳಕ್ಕೆ ಬಿಟ್ಟರೆ ಮಾಲಿನ್ಯ, ನೀರು ಕೆಂಪು-ಕಂದಾಗಿ ಹರಿಯುತ್ತದೆ. ಇಲ್ಲಿ ಕಬ್ಬಿಣವನ್ನು ಕಣ ಮಾಡಲು ಬಳಸುವ ಬದಲು ಟ್ಯಾನಿನ್ ಹಿಡಿದು ಇಳಿಸಲು ಬಳಸಿ. ಪುಡಿ ಮಾಡುವ, ಒಣಗಿಸುವ ಕೆಲಸವೇ ಇಲ್ಲ.

ಜಾರ್ ಟೆಸ್ಟ್ ಮಾಡಿ. ಆರು ಬೀಕರ್, ಪ್ರತಿಯೊಂದರಲ್ಲೂ 1 ಲೀಟರ್ ತೊಳೆದ ನೀರು. ಅನ್ನಭೇದಿ 0, 0.5, 1, 1.5, 2, 3 ಗ್ರಾಂ. ಪಿಎಚ್ 8 ಬರುವ ತನಕ ಸುಣ್ಣದ ತಿಳಿ ಹಾಲು, ಲೀಟರ್ ನೀರಿಗೆ 10 ಗ್ರಾಂ ಅರಳಿದ ಸುಣ್ಣ ಕಲಸಿದ್ದು. ನಿಮಿಷಕ್ಕೆ 100 ಸುತ್ತಿನಲ್ಲಿ ಒಂದು ನಿಮಿಷ, 30 ಸುತ್ತಿನಲ್ಲಿ 20 ನಿಮಿಷ ಕಲಕಿ, ಅರ್ಧ ಗಂಟೆ ಅಲುಗಿಸದೆ ಬಿಡಿ. ಮೇಲಿನ ನೀರು ನೀಲಿ-ಕಪ್ಪಾಗಿಯೇ ಉಳಿದಿದ್ದರೆ ಅನ್ನಭೇದಿ ಸಾಲದು, ಸಣ್ಣ ಕಣ ತೇಲುತ್ತಿದೆ. ಹಳದಿ-ಕಂದಾಗಿದ್ದರೆ ಜಾಸ್ತಿಯಾಗಿದೆ. ನಡುವೆ ಎಲ್ಲೋ ಒಂದು ಬೀಕರ್‌ನಲ್ಲಿ ಕಪ್ಪು ಗಸಿ ತಳ ಕಚ್ಚಿ ಮೇಲೆ ತಿಳಿಯಾಗುತ್ತದೆ, ಅದರ ಎಡಬಲಕ್ಕೆ 0.2 ಗ್ರಾಂ ಅಂತರದಲ್ಲಿ ಮತ್ತೊಮ್ಮೆ ಮಾಡಿ.

ತಿಳಿನೀರಿನ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ), ಕಬ್ಬಿಣ, ಪಿಎಚ್ ಅಳೆಯಿರಿ. ಬಿಡುವ ಮಿತಿ ಕ್ರಮವಾಗಿ ಲೀಟರಿಗೆ 250 ಮಿಲಿಗ್ರಾಂ, 3 ಮಿಲಿಗ್ರಾಂ, 5.5ರಿಂದ 9. ಸಿಒಡಿ ಒಂದೇ ಹಂತದಲ್ಲಿ 250ಕ್ಕೆ ಇಳಿಯುತ್ತದೆಂದು ಎದುರು ನೋಡಬೇಡಿ. ಸಕ್ಕರೆ ಅಂಶ, ಅರೆಕೋಲಿನ್ ಇದರಿಂದ ಇಳಿಯುವುದಿಲ್ಲ. ಉಳಿದದ್ದಕ್ಕೆ ಫೆಂಟನ್ ಹಂತ ಸೇರಿಸಿ ನೋಡುವುದಾದರೆ, ಸಿಒಡಿ ಅಳೆಯುವ ಮುನ್ನ ಮಿಕ್ಕ ಪೆರಾಕ್ಸೈಡ್ ಕಳೆಯಲೇಬೇಕು. 1 ಮಿಲಿಗ್ರಾಂ ಪೆರಾಕ್ಸೈಡ್ 0.47 ಮಿಲಿಗ್ರಾಂ ಸಿಒಡಿಯಾಗಿ ತೋರುತ್ತದೆ. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ, ಗುಳ್ಳೆ ನಿಂತ ಮೇಲೆ ಸೋಸಿ ಅಳೆಯಿರಿ.